ಸಿಂಗಪುರದ ಹಳೆಯ ಗೋರಿಗಳನ್ನು ದಾಖಲಿಸುವುದು ಹೇಗೆ

ಸುಮಾರು 735 ಚದರ ಕಿಲೋಮೀಟರ್ ನೆಲದಲ್ಲಿ 60 ಲಕ್ಷ ಜನ ವಾಸಿಸುವ ಸಿಂಗಪುರದಲ್ಲಿ ತೀರಿಕೊಂಡವರಿಗೆ ಸಿಗುವ ನೆಲಕ್ಕೂ ಒಂದು ಅವಧಿ ಇದೆ. 1998ರ ದಫನ ನೀತಿಯ ಪ್ರಕಾರ ಹೊಸ ಗೋರಿಯೊಂದರ ಆಯುಸ್ಸು 15 ವರ್ಷ. ಆ ಬಳಿಕ ಅದನ್ನು ತೆರೆದು, ದಹನಕ್ಕೆ ಧರ್ಮದ ಅಡ್ಡಿ ಇಲ್ಲದವರ ಅಸ್ಥಿಯನ್ನು ದಹಿಸಿ ಕಲಶದಲ್ಲಿಡುತ್ತಾರೆ. ಮುಸ್ಲಿಮರು, ಯಹೂದಿಗಳು, ಪಾರ್ಸಿಗಳು ಮುಂತಾಗಿ ಮಣ್ಣಿನಲ್ಲೇ ಇರಬೇಕಾದವರ ಅವಶೇಷಗಳನ್ನು ಇನ್ನೂ ಚಿಕ್ಕ ಜಾಗದಲ್ಲಿ ಮರಳಿ ಹೂಳುತ್ತಾರೆ. ಈಗ ಇಡೀ ದೇಶದಲ್ಲಿ ಹೊಸದಾಗಿ ಮಣ್ಣು ಮಾಡಲು ತೆರೆದಿರುವ ಸ್ಮಶಾನ ಚೊವಾ ಚು ಕಾಂಗ್ ಒಂದೇ. ಅಲ್ಲಿಯೂ 2007ರಿಂದ ಕಾಂಕ್ರೀಟಿನ ಕೋಶಗಳನ್ನು ಒಂದಕ್ಕೊಂದು ತಾಗಿಸಿ ಕೂರಿಸುವ ಪದ್ಧತಿ ನಡೆದಿದೆ.

ಈ ನೀತಿಗಿಂತ ಮೊದಲೇ ಮುಚ್ಚಿದ ಸ್ಮಶಾನಗಳ ಕಥೆ ಬೇರೆ. ಅವುಗಳಲ್ಲಿ ಹೆಚ್ಚಿನವು ಈಗ ಊರಿನ ಅಡಿಯಲ್ಲಿವೆ. ಆರ್ಚರ್ಡ್ ರಸ್ತೆಯ ನೀ ಆನ್ ಸಿಟಿ ಮಳಿಗೆ ಇರುವ ಜಾಗ ದಕ್ಷಿಣ ಚೀನಾ ಮೂಲದ ತಿಯೋಚು ಸಮುದಾಯದ ಸ್ಮಶಾನವಾಗಿತ್ತು. ಬಿಶಾನ್ ಎಂಬ ಬಡಾವಣೆ, 1870ರಲ್ಲಿ ಕ್ಯಾಂಟನೀಸ್ ಮತ್ತು ಹಕ್ಕಾ ಜನರು ಕಟ್ಟಿಕೊಂಡ ಪೆಕ್ ಸಾನ್ ಥೆಂಗ್ ಸ್ಮಶಾನದ ನೆಲದ ಮೇಲೆ ಎದ್ದದ್ದು. ಬಿದಾದರಿ ಸ್ಮಶಾನದಿಂದ 2001ರಿಂದ 2006ರವರೆಗೆ ಲಕ್ಷಕ್ಕೂ ಹೆಚ್ಚು ಗೋರಿಗಳನ್ನು ತೆರವು ಮಾಡಿದರು. ಕೆಲವೇ ಗಣ್ಯರ ಶಿಲೆಗಳು ಅಲ್ಲಿನ ಸ್ಮಾರಕ ಉದ್ಯಾನಕ್ಕೆ ಹೋದವು. 1922ರಲ್ಲಿ ತೆರೆದು 1973ರಲ್ಲಿ ಮುಚ್ಚಿದ, ಸುಮಾರು ಒಂದು ಲಕ್ಷ ಗೋರಿಗಳಿರುವ ಬುಕಿತ್ ಬ್ರೌನ್ ಮಾತ್ರ ಕಾಡು ಬೆಳೆದ ಗುಡ್ಡವಾಗಿ ಬಹುಪಾಲು ಉಳಿದಿದೆ. ಅದರ ನಡುವೆಯೂ ಲಾರ್ನಿ ಹೆದ್ದಾರಿ ಹಾದು ಹೋಗಿದೆ. 2011ರಲ್ಲಿ ಯೋಜನೆ ಪ್ರಕಟವಾಗಿ, 4,000ಕ್ಕೂ ಹೆಚ್ಚು ಗೋರಿಗಳು ತೆರವಾಗಿ, 2018 ಮತ್ತು 2019ರಲ್ಲಿ ಎರಡು ಹಂತಗಳಲ್ಲಿ ರಸ್ತೆ ತೆರೆಯಿತು. ಉಳಿದ ಗುಡ್ಡವನ್ನು ಸರ್ಕಾರ ಮುಂದೆ ವಸತಿಗಾಗಿ ಗುರುತಿಸಿಟ್ಟಿದೆ.

ಈ ಮಾರ್ಗದರ್ಶಿ ಅಂಥ ಗೋರಿಯೊಂದನ್ನು ಹುಡುಕಿ, ಓದಿ, ದಾಖಲಿಸಬೇಕೆಂದಿರುವ ಕುಟುಂಬದವರಿಗೆ, ಸ್ವಯಂಸೇವಕರಿಗೆ, ವಿದ್ಯಾರ್ಥಿಗಳಿಗೆ. ಕಲ್ಲನ್ನು ಅದಿರುವ ಜಾಗದಲ್ಲೇ ಉಳಿಸುವ ತೀರ್ಮಾನ ನಮ್ಮ ಕೈಯಲ್ಲಿಲ್ಲ, ಆದರೆ ಅದು ಅಲ್ಲಿರುವಾಗಲೇ ಅದರ ಪೂರ್ತಿ ದಾಖಲೆ ಮಾಡುವುದನ್ನು ಯಾರೂ ತಡೆದಿಲ್ಲ. ಪೂರ್ತಿ ದಾಖಲೆ ಎಂದರೆ ಶಿಲೆಯ ಒಂದು ಫೋಟೊ ಎಂದು ತಿಳಿದವರೇ ಹೆಚ್ಚು. ಗೋರಿ ಯಾವ ದಿಕ್ಕಿಗೆ ಮುಖ ಮಾಡಿದೆ, ಪಕ್ಕದಲ್ಲಿ ಯಾರಿದ್ದಾರೆ, ಯಾರು ಬಂದು ಪೂಜಿಸುತ್ತಾರೆ ಎಂಬುದು ತೆರವಿನ ದಿನವೇ ಅಳಿಸಿಹೋಗುತ್ತದೆ; ಕಲ್ಲನ್ನು ಯಾರಾದರೂ ಎತ್ತಿಟ್ಟರೂ ಈ ಸಂಬಂಧಗಳನ್ನು ಎತ್ತಿಡಲಾಗದು. ಆದ್ದರಿಂದ ನೋಟಿಸ್ ಬರಲೆಂದು ಕಾಯದೆ ಈಗಲೇ ಕೆಲಸ ಆರಂಭಿಸಬೇಕು.

ಮೊದಲು ರಿಜಿಸ್ಟರ್

ಗುಡ್ಡ ಹತ್ತುವ ಮುನ್ನ ಕಾಗದದ ಕೆಲಸ ಮುಗಿಸಿಕೊಳ್ಳುವುದು ಒಳ್ಳೆಯದು. ಬುಕಿತ್ ಬ್ರೌನ್‌ನ 1922ರಿಂದ 1972ರವರೆಗಿನ ದಫನ ರಿಜಿಸ್ಟರುಗಳನ್ನು ಸಿಂಗಪುರದ ರಾಷ್ಟ್ರೀಯ ಪತ್ರಾಗಾರ ಡಿಜಿಟಲ್ ಮಾಡಿ ಅಂತರ್ಜಾಲದಲ್ಲಿ ಇಟ್ಟಿದೆ. ಅವು ಹೆಸರಿನ ಅಕಾರಾದಿಯಲ್ಲಿಲ್ಲ, ಹೂಳಿದ ದಿನಾಂಕದ ಕ್ರಮದಲ್ಲಿವೆ. ಹಾಗಾಗಿ ತೀರಿಕೊಂಡ ವರ್ಷ ಮತ್ತು ತಿಂಗಳನ್ನು ಮನೆಯ ಹಿರಿಯರಿಂದ, ಹಳೆಯ ಮರಣಪತ್ರದಿಂದ ಅಥವಾ ಮನೆಯ ಪೂರ್ವಜರ ಫಲಕದಿಂದ ತಿಳಿದುಕೊಂಡರೆ ಹುಡುಕುವ ಕೆಲಸ ಕೆಲವು ಪುಟಗಳಿಗೆ ಇಳಿಯುತ್ತದೆ. ರಿಜಿಸ್ಟರಿನ ಸಾಲಿನಲ್ಲಿ ಬ್ಲಾಕ್, ವಿಭಾಗ ಮತ್ತು ಗೋರಿಯ ಸಂಖ್ಯೆ ಸಿಗುತ್ತದೆ. ಅದೇ ಸಂಖ್ಯೆ ಗೋರಿಯ ಬಳಿ ನೆಟ್ಟ ಚಿಕ್ಕ ಗುರುತಿನ ಕಲ್ಲಿನ ಮೇಲೂ ಇರುತ್ತದೆ.

ಇಲ್ಲಿ ಬಹಳ ಜನ ಎಡವುವುದು ಹೆಸರಿನ ಕಾಗುಣಿತದಲ್ಲಿ. ರಿಜಿಸ್ಟರ್ ಬರೆದ ಗುಮಾಸ್ತ ತನ್ನ ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಬರೆದಿದ್ದಾನೆ, ಹೇಳಿದವರು ತಮ್ಮ ಆಡುನುಡಿಯಲ್ಲಿ ಹೇಳಿದ್ದಾರೆ. ಒಂದೇ ಚೀನೀ ಅಕ್ಷರದ ಮನೆತನದ ಹೆಸರು ಹೊಕ್ಕಿಯೆನ್ ಮತ್ತು ತಿಯೋಚು ಬಾಯಲ್ಲಿ ತಾನ್ ಆಗುತ್ತದೆ, ಕ್ಯಾಂಟನೀಸರಲ್ಲಿ ಚಾನ್, ಮ್ಯಾಂಡರಿನ್‌ನಲ್ಲಿ ಚೆನ್. ಹಾಗೆಯೇ ಓಂಗ್ ಮತ್ತು ವಾಂಗ್ ಒಂದೇ ಮನೆತನವಾಗಿರಬಹುದು, ಲಿಮ್ ಎಂದರೂ ಲಾಮ್ ಎಂದರೂ ಲಿನ್ ಎಂದರೂ ಒಂದೇ ಇರಬಹುದು. ಕುಟುಂಬ ಇಂದು ಬಳಸುವ ರೂಪವೊಂದನ್ನೇ ಹಿಡಿದು ಹುಡುಕಿದವರು ಸಿಗಲಿಲ್ಲವೆಂದು ಕೈಬಿಡುತ್ತಾರೆ. ಮೂರು ನಾಲ್ಕು ರೂಪಗಳನ್ನು ಬರೆದಿಟ್ಟುಕೊಂಡು ಹುಡುಕಿದವರಿಗೆ ಸಿಗುತ್ತದೆ. ಹೆಂಗಸರ ವಿಷಯದಲ್ಲಿ ಇನ್ನೂ ಜಾಗ್ರತೆ ಬೇಕು. ಅನೇಕ ಕಡೆ ಅವರ ಸ್ವಂತ ಹೆಸರಿನ ಬದಲು ತವರಿನ ಮನೆತನದ ಹೆಸರು ಮಾತ್ರ ಇರುತ್ತದೆ. ಮಲಯ ನಾಡಿನಲ್ಲಿ ತಲೆಮಾರುಗಳಿಂದ ನೆಲೆಸಿದ ಚೀನೀ ಮೂಲದ ಪೆರನಾಕನ್ ಕುಟುಂಬಗಳ ಹೆಂಗಸರ ಹೆಸರಿನ ಕೊನೆಗೆ ನಿಯೋ ಎಂಬುದು ಸೇರಿಕೊಂಡಿರುವುದು ಸಾಮಾನ್ಯ.

ಎಲ್ಲ ಗೋರಿಗಳೂ ರಿಜಿಸ್ಟರಿನಲ್ಲಿಲ್ಲ. ಬುಕಿತ್ ಬ್ರೌನ್‌ಗೆ ಹೊಂದಿಕೊಂಡಿರುವ ಓಂಗ್ ಮನೆತನದ ಸ್ಮಶಾನ ಮತ್ತು ಲಾವ್ ಸುವಾ ಗುಡ್ಡದ ಗೋರಿಗಳು ಖಾಸಗಿ ಸಂಘಗಳ ಕಾಲದವು. ಬೇರೆ ಕಡೆಯಿಂದ ತಂದು ಮರಳಿ ಹೂಳಿದವರೂ ಇಲ್ಲಿದ್ದಾರೆ, ಆದ್ದರಿಂದ 1922ಕ್ಕಿಂತ ಹಳೆಯ ದಿನಾಂಕ ಕಂಡರೆ ಗಾಬರಿಯಾಗಬೇಕಿಲ್ಲ. ದಾಖಲೆಯ ದಾರಿ ಮುಚ್ಚಿದಾಗ ಗುಡ್ಡವನ್ನು ಬಲ್ಲವರನ್ನು ಕೇಳಬೇಕು. ತಿಯೋಚು ಜನರ ಸಂಘವಾದ ನೀ ಆನ್ ಕೊಂಗ್ಸಿಯನ್ನು ಸ್ಥಾಪಿಸಿದ ಸಿಯಾ ಯೂ ಚಿನ್ ಅವರ ಗೋರಿ ತೋ ಪಯೋ ಬಡಾವಣೆಯ ಪೊದೆಗಳ ನಡುವೆ 2012ರಲ್ಲಿ ಪತ್ತೆಯಾದದ್ದು ಗೋರಿಗಳ ಶೋಧವನ್ನೇ ಹವ್ಯಾಸ ಮಾಡಿಕೊಂಡ ರೇಮಂಡ್ ಗೋ ಮತ್ತು ಚಾರ್ಲ್ಸ್ ಗೋ ಸಹೋದರರಿಂದ. ಆಲ್ ಥಿಂಗ್ಸ್ ಬುಕಿತ್ ಬ್ರೌನ್ ಎಂಬ ಸ್ವಯಂಸೇವಕರ ಬಳಗ ಆಸಕ್ತರನ್ನು ಉಚಿತವಾಗಿ ಗುಡ್ಡದ ಮೇಲೆ ಕರೆದೊಯ್ದು ತೋರಿಸುತ್ತ ಬಂದಿದೆ. ಒಂಟಿಯಾಗಿ ಅಲೆಯುವ ಮುನ್ನ ಅವರೊಂದಿಗೆ ಒಮ್ಮೆ ನಡೆದು ಬರುವುದು ಉತ್ತಮ.

ಗುಡ್ಡದ ಮೇಲೆ

ಉದ್ದ ತೋಳಿನ ಅಂಗಿ, ಮುಚ್ಚಿದ ಬೂಟು, ಸೊಳ್ಳೆಯ ಔಷಧ, ಬೇಕಾದಷ್ಟು ನೀರು ಇರಲಿ. ಡೆಂಗಿ ಇರುವ ಊರು ಇದು. ಕಣಜಗಳ ಗೂಡುಗಳೂ ಇರುತ್ತವೆ. ಮಧ್ಯಾಹ್ನದ ಗುಡುಗು ಮಳೆಗೆ ಮುನ್ನ ಇಳಿದುಬಿಡಿ. ಒಬ್ಬರೇ ಹೋಗಬೇಡಿ.

ಮರ್ಯಾದೆಯ ವಿಷಯ ಇದಕ್ಕಿಂತ ದೊಡ್ಡದು. ಗೋರಿಯ ದಿಬ್ಬದ ಮೇಲೆ ಕಾಲಿಡಬಾರದು, ನೈವೇದ್ಯದ ಕಲ್ಲುಪೀಠದ ಮೇಲೆ ಚೀಲ ಇಡಬಾರದು, ಕೂರಲಂತೂ ಕೂಡದು. ಇಟ್ಟುಹೋದ ಹಣ್ಣು, ಲೋಟ, ಊದುಬತ್ತಿಯ ಕಡ್ಡಿಗಳನ್ನು ಫೋಟೊ ಚೆನ್ನಾಗಿ ಬರಲೆಂದು ಸರಿಸಬಾರದು, ಏಕೆಂದರೆ ಅವೂ ದಾಖಲೆಯ ಭಾಗವೇ. ಕುಟುಂಬದವರು ಬಂದಿದ್ದರೆ ದೂರ ನಿಂತು ಅವರ ಪೂಜೆ ಮುಗಿಯುವವರೆಗೆ ಕಾದು, ಅನುಮತಿ ಕೇಳಿ ಮುಂದುವರಿಯಬೇಕು. ಗಿಡ ಕಡಿಯುವುದು, ಅಗೆಯುವುದು, ಬಿದ್ದ ಹೆಂಚಿನ ಚೂರನ್ನು ನೆನಪಿಗೆಂದು ಜೇಬಿಗೆ ಹಾಕಿಕೊಳ್ಳುವುದು ಇವೆಲ್ಲ ಕಾನೂನಿಗೂ ನೀತಿಗೂ ಹೊರತಾದವು. ಬಣ್ಣದ ಒಂದು ಹೆಂಚು ಹೋದರೆ ಮುಂದೆ ಬರುವವರ ಪಾಲಿಗೆ ಆ ಗೋರಿ ಅಷ್ಟು ಮೂಕವಾಗುತ್ತದೆ.

ಗೋರಿಯನ್ನು ನೋಡುವ ಕ್ರಮ

ಚೀನೀ ಗೋರಿ ಮೇಲಿನಿಂದ ನೋಡಿದರೆ ತೋಳು ಚಾಚಿ ಕುಳಿತ ಕುರ್ಚಿಯ ಆಕಾರದಲ್ಲಿರುತ್ತದೆ. ಹಿಂದೆ ಮಣ್ಣಿನ ದಿಬ್ಬ, ಅದನ್ನು ಬಳಸಿ ಮಳೆನೀರು ಹರಿದು ಹೋಗಲು ಮಾಡಿದ ಕಾಲುವೆ, ನಡುವೆ ಶಿಲಾಫಲಕ, ಅದರ ಎರಡು ಪಕ್ಕದಲ್ಲಿ ಭುಜದ ಕಲ್ಲುಗಳು, ಎದುರಿಗೆ ನೈವೇದ್ಯದ ಪೀಠ, ಅದರ ಮುಂದೆ ಅಂಗಳ. ಒಂದು ಪಕ್ಕದಲ್ಲಿ ಭೂದೇವತೆಯ ಚಿಕ್ಕ ಕಲ್ಲು ಇರುತ್ತದೆ. ಗೋರಿಗೆ ಬಂದವರು ಪೂರ್ವಜರಿಗೆ ಕೈ ಮುಗಿಯುವ ಮುನ್ನ ಈ ದೇವತೆಗೆ ಊದುಬತ್ತಿ ಹಚ್ಚುತ್ತಾರೆ. ಹೊಸಬರ ಫೋಟೊಗಳಲ್ಲಿ ತಪ್ಪಿಹೋಗುವುದು ಇದೇ ಕಲ್ಲು.

ಬೆನ್ನಿಗೆ ಗುಡ್ಡ, ಮುಂದೆ ತೆರೆದ ನೋಟ ಇರಬೇಕೆಂಬ ಫೆಂಗ್ ಶುಯಿ ಎಂಬ ಚೀನೀ ವಾಸ್ತುಶಾಸ್ತ್ರದ ಲೆಕ್ಕದಲ್ಲಿ ಜಾಗ ಆರಿಸಿದ್ದರಿಂದ ಗೋರಿಗಳು ಸಾಲಾಗಿರದೆ ಇಳಿಜಾರಿನ ಜೊತೆ ತಿರುಗುತ್ತವೆ. ಆದ್ದರಿಂದ ಶಿಲೆಯ ಎದುರು ನಿಂತು, ಅದು ನೋಡುತ್ತಿರುವ ದಿಕ್ಕನ್ನು ದಿಕ್ಸೂಚಿಯಲ್ಲಿ ಅಳೆದು ಡಿಗ್ರಿಯಲ್ಲಿ ಬರೆಯಬೇಕು. ಎಡ, ಬಲ, ಮೇಲೆ, ಕೆಳಗೆ ಇರುವ ಗೋರಿಗಳ ಹೆಸರು ಅಥವಾ ಸಂಖ್ಯೆಯನ್ನೂ ಸೇರಿಸಬೇಕು. ಗಂಡ, ಹೆಂಡತಿ, ಎರಡನೆಯ ಹೆಂಡತಿ, ಮಗ ಹತ್ತಿರದಲ್ಲೇ ಇರುವುದುಂಟು. ಶಿಲೆಗಳು ಹೇಳದ ಸಂಬಂಧ ಈ ನೆರೆಯಿಂದ ತಿಳಿಯುತ್ತದೆ.

ಅಲಂಕಾರದಲ್ಲಿ ಈ ಬಂದರು ನಗರದ ಇತಿಹಾಸವೇ ಇದೆ. ಪೀಠದ ಮುಖಕ್ಕೆ, ಅಂಗಳದ ಅಂಚಿಗೆ ಹಚ್ಚಿದ ಹೂಬಳ್ಳಿಯ ಬಣ್ಣದ ಹೆಂಚುಗಳು ಇಂಗ್ಲೆಂಡಿನಿಂದಲೂ ಜಪಾನಿನಿಂದಲೂ ಹಡಗಿನಲ್ಲಿ ಬಂದವು. ಕೆಲವು ಗೋರಿಗಳ ಎರಡು ಪಕ್ಕದಲ್ಲಿ ಪೇಟ ಧರಿಸಿ ಗಡ್ಡ ಬಿಟ್ಟ ಸಿಖ್ ಕಾವಲುಗಾರರ ಮೂರ್ತಿಗಳು ನಿಂತಿವೆ. ಪೊಲೀಸರಾಗಿ, ಶ್ರೀಮಂತರ ಮನೆ ಮತ್ತು ಬ್ಯಾಂಕುಗಳ ಕಾವಲಿಗೆ ಸಿಖ್ಖರು ಇದ್ದ ಕಾಲದಲ್ಲಿ ಚೀನೀ ವ್ಯಾಪಾರಿಗಳು ಪರಲೋಕದಲ್ಲೂ ಅದೇ ಕಾವಲನ್ನು ಬಯಸಿದರು. ಓಂಗ್ ಸ್ಯಾಮ್ ಲಿಯಾಂಗ್ ದಂಪತಿಯ ಗೋರಿ ಸುಮಾರು 600 ಚದರ ಮೀಟರ್ ಹರಡಿಕೊಂಡಿದೆ, ಅಲ್ಲಿ ಹೆತ್ತವರ ಸೇವೆಯ 24 ಕಥೆಗಳ ಕೆತ್ತನೆ ಇದೆ. ಅಂಥದ್ದು ಎಲ್ಲರ ಕಣ್ಣಿಗೂ ಬೀಳುತ್ತದೆ, ಈಗಾಗಲೇ ನೂರಾರು ಫೋಟೊಗಳಲ್ಲಿ ಇದೆ. ನಿಮ್ಮ ಸಮಯವನ್ನು ಅದರ ಕೆಳಗಿನ ಇಳಿಜಾರಿನಲ್ಲಿರುವ ಮೊಣಕಾಲೆತ್ತರದ ಸಿಮೆಂಟಿನ ಗೋರಿಗಳಿಗೆ ಕೊಡಿ ಎಂಬುದು ನನ್ನ ಒತ್ತಾಯ. ಕೂಲಿಯವರು, ರಿಕ್ಷಾ ಎಳೆದವರು, ಮನೆಗೆಲಸದ ಹೆಂಗಸರು ಬದುಕಿದ್ದಕ್ಕೆ ಅನೇಕ ಸಲ ಅದೊಂದೇ ಬರಹದ ಸಾಕ್ಷಿ.

ಅಕ್ಷರಗಳನ್ನು ಓದುವುದು

ಸವೆದ ಶಿಲೆಯ ಮುಂದೆ ನಿಂತು ಏನೂ ಕಾಣುವುದಿಲ್ಲವೆಂದು ಹಿಂದಿರುಗುವವರಿಗೆ ಬೇಕಾದದ್ದು ಬೆಳಕಿನ ಕೋನ. ಬೆಳಕು ಎದುರಿನಿಂದ ಬಿದ್ದರೆ ಕಲ್ಲು ಚಪ್ಪಟೆಯಾಗಿ ಕಾಣುತ್ತದೆ. ಪಕ್ಕದಿಂದ, ಮೇಲ್ಮೈಯನ್ನು ಸವರಿಕೊಂಡು ಹೋಗುವಂತೆ ಬಿದ್ದರೆ ಉಳಿಯ ಪ್ರತಿ ಗೀರಿನ ಒಂದಂಚು ಹೊಳೆದು ಇನ್ನೊಂದಂಚು ನೆರಳಾಗುತ್ತದೆ. ಒಬ್ಬರು ಅಂಗೈಗಿಂತ ದೊಡ್ಡದಾದ ಕನ್ನಡಿ ಹಿಡಿದು ಶಿಲೆಯ ಪಕ್ಕಕ್ಕೆ ಒಂದೆರಡು ಮೀಟರ್ ದೂರ ನಿಂತು ಬಿಸಿಲನ್ನು ಹಾಯಿಸಲಿ, ಇನ್ನೊಬ್ಬರು ಎದುರಿನಿಂದ ಫೋಟೊ ತೆಗೆಯಲಿ. ಮರದ ನೆರಳು ದಟ್ಟವಾಗಿದ್ದರೆ ಟಾರ್ಚ್ ಸಾಕು. ಎಡದಿಂದ, ಬಲದಿಂದ, ಮೇಲಿನಿಂದ ಬೆಳಕು ಬಿಟ್ಟು ಬೇರೆ ಬೇರೆ ಫೋಟೊ ತೆಗೆಯಬೇಕು, ಏಕೆಂದರೆ ಅಡ್ಡಗೀರು ಕಾಣಿಸುವ ಬೆಳಕಿನಲ್ಲಿ ಉದ್ದಗೀರು ಮರೆಯಾಗುತ್ತದೆ.

ಕೊಳೆ ಕೂತಿದ್ದರೆ ಬರಿಯ ನೀರು ಮತ್ತು ಮೆತ್ತನೆಯ ಬ್ರಷ್ ಮಾತ್ರ ಬಳಸಬೇಕು. ಸೀಮೆಸುಣ್ಣ ಉಜ್ಜುವುದು, ಹಿಟ್ಟು ಅಥವಾ ಶೇವಿಂಗ್ ಕ್ರೀಮ್ ಬಳಿಯುವುದು, ತಂತಿ ಬ್ರಷ್, ಬ್ಲೀಚ್, ಆಮ್ಲ ಯಾವುದೂ ಬೇಡ. ಅಕ್ಷರ ಆ ಕ್ಷಣಕ್ಕೆ ಸ್ಪಷ್ಟವಾಗಿ ಕಂಡರೂ ಕಲ್ಲಿನ ಮೈ ಹಾಳಾಗುತ್ತದೆ. ಪಾಚಿಯನ್ನು ಕೆರೆಯುವುದಕ್ಕಿಂತ ಅದರ ಜೊತೆಗೇ ಫೋಟೊ ತೆಗೆಯುವುದು ವಾಸಿ.

ಇನ್ನೊಂದು ಎಚ್ಚರಿಕೆ. ಅಕ್ಷರಗಳಿಗೆ ಪ್ರತಿ ವರ್ಷ ಬಣ್ಣ ತುಂಬುವ ರೂಢಿಯಿದೆ, ತುಂಬುವವರು ಎಷ್ಟೋ ಸಲ ಕಣ್ಣಂದಾಜಿನಲ್ಲಿ ತುಂಬುತ್ತಾರೆ. ಹತ್ತಾರು ವರ್ಷ ಹೀಗೆ ನಡೆದ ಮೇಲೆ ಬಣ್ಣದ ಅಕ್ಷರ ಒಂದು, ಕೆತ್ತಿದ ಅಕ್ಷರ ಇನ್ನೊಂದು ಆಗಿರುತ್ತದೆ. ಅನುಮಾನ ಬಂದಾಗ ಉಳಿಯ ಗುರುತನ್ನು ನಂಬಬೇಕು, ಬಣ್ಣವನ್ನಲ್ಲ. ಎರಡೂ ಪಾಠಗಳನ್ನು ಬರೆದಿಡುವುದು ಇನ್ನೂ ಒಳ್ಳೆಯದು. ಕೆಂಪು ಬಣ್ಣ ತುಂಬಿದ ಹೆಸರು, ಶಿಲೆ ಕೆತ್ತಿಸುವಾಗ ಬದುಕಿದ್ದವರದು ಇರಬಹುದು. ಜೋಡಿ ಗೋರಿಗಳಲ್ಲಿ ಒಂದು ಪಕ್ಕ ಖಾಲಿಯೇ ಉಳಿದಿರುವುದು ಹೀಗೆ ಗೊತ್ತಾಗುತ್ತದೆ.

ಸಾಮಾನ್ಯವಾಗಿ ನಡುವಿನ ದೊಡ್ಡ ಸಾಲಿನಲ್ಲಿ ತೀರಿಕೊಂಡವರ ಹೆಸರು ಇರುತ್ತದೆ, ಮೇಲ್ಭಾಗದಲ್ಲಿ ಅಥವಾ ಪಕ್ಕದಲ್ಲಿ ಚೀನಾದ ಮೂಲ ಊರಿನ ಹೆಸರು, ಒಂದು ಪಕ್ಕದಲ್ಲಿ ದಿನಾಂಕ, ಇನ್ನೊಂದು ಪಕ್ಕದಲ್ಲಿ ಗೋರಿ ಕಟ್ಟಿಸಿದ ಮಕ್ಕಳ, ಮೊಮ್ಮಕ್ಕಳ ಹೆಸರುಗಳು. ಮೂಲ ಊರಿನ ಎರಡು ಅಕ್ಷರ ಸಿಕ್ಕರೂ ಸಾಕು, ಆ ಕುಟುಂಬ ಯಾವ ಸಮುದಾಯ ಸಂಘಕ್ಕೆ ಸೇರಿದ್ದು ಎಂದು ಊಹಿಸಿ ಅಲ್ಲಿನ ದಾಖಲೆಗಳತ್ತ ಹೋಗಬಹುದು.

ದಿನಾಂಕ ಮಾತ್ರ ತಾಳ್ಮೆ ಬೇಡುವ ಕೆಲಸ, ಏಕೆಂದರೆ ಒಂದೇ ಗುಡ್ಡದಲ್ಲಿ ಹಲವು ಕಾಲಗಣನೆಗಳಿವೆ. ಚೀನಾದ ಚಿಂಗ್ ರಾಜವಂಶದ ಚಕ್ರವರ್ತಿ ಗುವಾಂಗ್‌ಶು ಆಳ್ವಿಕೆಯ ವರ್ಷವಿದ್ದರೆ ಆ ಸಂಖ್ಯೆಗೆ 1874 ಕೂಡಿಸಬೇಕು. ಚೀನೀ ಗಣರಾಜ್ಯದ ವರ್ಷವಿದ್ದರೆ 1911 ಕೂಡಿಸಬೇಕು. ಅಲ್ಲಿ 20 ಎಂದಿದ್ದರೆ ಅದು 1931. ಕನ್‌ಫ್ಯೂಷಿಯಸನ ಹುಟ್ಟಿನಿಂದ ಎಣಿಸಿದ ವರ್ಷವಿದ್ದರೆ 551 ಕಳೆಯಬೇಕು. ಜಪಾನೀಯರು ಸಿಂಗಪುರವನ್ನು ಆಳಿದ 1942ರಿಂದ 1945ರವರೆಗಿನ ಗೋರಿಗಳಲ್ಲಿ ಶೋವಾ ಶಕೆ ಕಾಣುತ್ತದೆ, ಅದಕ್ಕೆ 1925 ಕೂಡಿಸಬೇಕು. ಅಥವಾ ಜಪಾನಿನ ಸಾಮ್ರಾಜ್ಯ ಶಕೆಯ 2602, 2603 ಎಂಬಂಥ ಸಂಖ್ಯೆ ಕಾಣುತ್ತದೆ, ಅದರಿಂದ 660 ಕಳೆಯಬೇಕು. ಮೂರೂವರೆ ವರ್ಷದ ಆ ಆಳ್ವಿಕೆ ಗೋರಿಕಲ್ಲಿನ ಇಸವಿಯವರೆಗೂ ತಲುಪಿತ್ತು ಎಂಬುದನ್ನು ಈ ಸಂಖ್ಯೆಗಳಷ್ಟು ನೇರವಾಗಿ ಬೇರೇನೂ ತೋರಿಸದು.

ಇವಲ್ಲದೆ ಅರವತ್ತು ವರ್ಷಕ್ಕೊಮ್ಮೆ ಮರಳುವ ಎರಡಕ್ಷರದ ವರ್ಷನಾಮಗಳಿವೆ. ಪ್ರಭವ, ವಿಭವ ಎಂದು ಸಂವತ್ಸರ ಎಣಿಸಿ ಗೊತ್ತಿರುವ ಕನ್ನಡಿಗರಿಗೆ ಈ ಲೆಕ್ಕ ಹೊಸದೆನಿಸದು. ಚಕ್ರದ ಮೊದಲ ವರ್ಷ 1864ರಲ್ಲಿ, 1924ರಲ್ಲಿ, 1984ರಲ್ಲಿ ಬಂದಿದೆ. ಯಾವ ಸುತ್ತು ಎಂಬುದನ್ನು ಗೋರಿಯ ಇತರ ಲಕ್ಷಣಗಳಿಂದ ನಿರ್ಧರಿಸಬೇಕು. ತಿಂಗಳುಗಳು ಬಹುಮಟ್ಟಿಗೆ ಚಾಂದ್ರಮಾನದವು. ಹಾಗಾಗಿ ಹನ್ನೊಂದನೆಯ ಅಥವಾ ಹನ್ನೆರಡನೆಯ ತಿಂಗಳಿನ ಸಾವು ಮುಂದಿನ ಇಸವಿಯ ಆರಂಭಕ್ಕೆ ಬೀಳಬಹುದು, ರಿಜಿಸ್ಟರಿನಲ್ಲಿ ಅದನ್ನು ಅಲ್ಲಿಯೂ ಹುಡುಕಬೇಕು. ವಯಸ್ಸನ್ನು ಇದ್ದಂತೆಯೇ ನಂಬಬಾರದು: ಆಕಾಶಕ್ಕೊಂದು, ಭೂಮಿಗೊಂದು, ಮನುಷ್ಯನಿಗೊಂದು ಎಂದು ಮೂರು ವರ್ಷ ಸೇರಿಸಿ ಬರೆಯುವ ಸಂಪ್ರದಾಯವಿದೆ. ನಿಮ್ಮ ದಾಖಲೆಯಲ್ಲಿ ಕಲ್ಲಿನ ಮೇಲಿರುವುದನ್ನು ಇದ್ದ ಹಾಗೆ ಒಂದು ಕಡೆ, ನೀವು ಲೆಕ್ಕ ಹಾಕಿದ್ದನ್ನು ಇನ್ನೊಂದು ಕಡೆ ಬರೆಯಿರಿ. ಎರಡನ್ನೂ ಬೆರೆಸಿದರೆ ಮುಂದಿನವರು ತಪ್ಪನ್ನು ತಿದ್ದುವ ದಾರಿಯೇ ಇರುವುದಿಲ್ಲ.

ಮುಸ್ಲಿಂ ಸ್ಮಶಾನಗಳಲ್ಲಿ ಓದುವ ರೀತಿ ಬೇರೆ. ಮಲಯ ಗೋರಿಗಳ ತಲೆ ಮತ್ತು ಕಾಲಿನ ಕಡೆ ನೆಟ್ಟ ಕಲ್ಲು ದುಂಡಗಿದ್ದರೆ ಗಂಡಸಿನದು, ಚಪ್ಪಟೆಯಾಗಿದ್ದರೆ ಹೆಂಗಸಿನದು ಎಂಬುದು ರೂಢಿ. ಕಾಂಪೊಂಗ್ ಗ್ಲಾಮ್ ಬಳಿಯ ಜಲಾನ್ ಕುಬೋರ್ ಸ್ಮಶಾನದಲ್ಲಿ ಅಕ್ಷರವೇ ಇಲ್ಲದ ಕಲ್ಲುಗಳು ಬಹಳ; ಅಂಥಲ್ಲಿ ಕಲ್ಲಿನ ಆಕಾರ, ಕೆತ್ತನೆಯ ಶೈಲಿ, ಎತ್ತರ ಇವೇ ಮಾಹಿತಿ. ಹಳದಿ ಅಥವಾ ಹಸಿರು ಬಟ್ಟೆ ಸುತ್ತಿದ ಕಲ್ಲುಗಳನ್ನು ಜನ ಪೂಜ್ಯವೆಂದು ಕಾಣುತ್ತಾರೆ, ಬಟ್ಟೆ ಬಿಚ್ಚಿ ನೋಡಬಾರದು.

ಫೋಟೊ ಮತ್ತು ಟಿಪ್ಪಣಿ

ಮೊದಲು ದೂರದಿಂದ ಸುತ್ತಲಿನ ಗೋರಿಗಳೂ ಬರುವಂತೆ, ಆಮೇಲೆ ಇಡೀ ಗೋರಿ, ಬಳಿಕ ಶಿಲೆಯನ್ನು ನೇರ ಎದುರಿನಿಂದ, ಕೊನೆಗೆ ಭುಜದ ಕಲ್ಲು, ಪೀಠ, ಹೆಂಚು, ಭೂದೇವತೆ, ಸಂಖ್ಯೆಯ ಕಲ್ಲು ಎಂದು ಹತ್ತಿರ ಬನ್ನಿ. ಪ್ರತಿ ವಿವರದ ಪಕ್ಕ ಒಂದು ಅಳತೆಪಟ್ಟಿ ಇಟ್ಟು ಒಂದು ಫೋಟೊ, ಇಡದೆ ಒಂದು ಫೋಟೊ. ಮೂರು ಆಯಾಮದ ಮಾದರಿ ಮಾಡುವ ಉದ್ದೇಶವಿದ್ದರೆ ಗೋರಿಯನ್ನು ಸುತ್ತುತ್ತ, ಒಂದು ಫೋಟೊದ ಮುಕ್ಕಾಲು ಭಾಗ ಮುಂದಿನದರಲ್ಲೂ ಇರುವಂತೆ ತೆಗೆಯಬೇಕು. ಮೋಡ ಕವಿದ ದಿನ ಇದಕ್ಕೆ ಅನುಕೂಲ. ದಟ್ಟ ಮರಗಳ ಕೆಳಗೆ ಮೊಬೈಲಿನ ಜಿಪಿಎಸ್ ಹಲವು ಮೀಟರ್ ತಪ್ಪು ತೋರಿಸುತ್ತದೆ, ಗೋರಿಗಳ ನಡುವೆ ಅಷ್ಟು ಅಂತರವೇ ಇರುವುದಿಲ್ಲ. ಆದ್ದರಿಂದ ಜಾಗದ ಗುರುತಿಗೆ ಬ್ಲಾಕ್ ಮತ್ತು ಗೋರಿಯ ಸಂಖ್ಯೆಯನ್ನೇ ಮುಖ್ಯವಾಗಿಸಿಕೊಳ್ಳಿ. ಕೈಯಲ್ಲಿ ಬಿಡಿಸಿದ ಒಂದು ನಕ್ಷೆ, ಎಷ್ಟೇ ಒರಟಾಗಿದ್ದರೂ, ಅದಕ್ಕೆ ಜೊತೆಯಿರಲಿ.

ಆಚರಣೆಯನ್ನೂ ದಾಖಲಿಸಿ

ಪೂರ್ವಜರ ಗೋರಿ ಶುಚಿಗೊಳಿಸಿ ಪೂಜಿಸುವ, ಏಪ್ರಿಲ್ 4 ಅಥವಾ 5ಕ್ಕೆ ಬರುವ ಚಿಂಗ್ ಮಿಂಗ್ ದಿನದ ಹಿಂದೆ ಮುಂದೆ ಕೆಲವು ದಿನ ಗುಡ್ಡಕ್ಕೆ ಜೀವ ಬರುತ್ತದೆ. ಕುಟುಂಬಗಳು ಬೆಳಗಿನ ಜಾವವೇ ಬಂದು ಕಳೆ ಕಿತ್ತು, ಊಟ ಬಡಿಸಿ, ಕಾಗದದ ಹಣ ಸುಟ್ಟು, ದಿಬ್ಬದ ಮೇಲೆ ಬಣ್ಣಬಣ್ಣದ ಕಾಗದದ ಚೌಕಗಳನ್ನು ಹರಡಿ ಹಾರಿಹೋಗದಂತೆ ಸಣ್ಣ ಕಲ್ಲು ಇಟ್ಟು ಹೋಗುತ್ತವೆ. ಈ ಕಾಗದ ಇರುವ ಗೋರಿಗೆ ಈ ವರ್ಷವೂ ಮನೆಯವರು ಬಂದಿದ್ದರು ಎಂದು ಅರ್ಥ. ಚಿಂಗ್ ಮಿಂಗ್ ಮುಗಿದ ವಾರದಲ್ಲಿ ಒಂದು ಇಳಿಜಾರನ್ನು ಪೂರ್ತಿ ನಡೆದು, ಕಾಗದವಿರುವ ಗೋರಿಗಳ ಸಂಖ್ಯೆಗಳನ್ನು ಬರೆದುಕೊಂಡರೆ ಯಾವ ಗೋರಿಗೆ ವಾರಸುದಾರರಿದ್ದಾರೆ ಎಂಬ ಪಟ್ಟಿಯೇ ಸಿಗುತ್ತದೆ. ತೆರವಿನ ನೋಟಿಸ್ ಬಂದ ದಿನ ಇಂಥ ಪಟ್ಟಿಗೆ ಬೆಲೆ ಕಟ್ಟಲಾಗದು.

ಕುಟುಂಬಗಳಿಂದ ಹಣ ಪಡೆದು ಗೋರಿಗಳನ್ನು ನೋಡಿಕೊಳ್ಳುವವರು ಕೆಲವರಿದ್ದಾರೆ, ಅವರಲ್ಲಿ ಹಲವರು ತಂದೆಯಿಂದ ಈ ಕೆಲಸ ಕಲಿತವರು. ಯಾವ ಗೋರಿಗೆ ಯಾರು ಬರುತ್ತಿದ್ದರು, ಯಾವಾಗ ನಿಲ್ಲಿಸಿದರು ಎಂಬುದು ಅವರ ನೆನಪಿನಲ್ಲಿದೆ. ಒಪ್ಪಿಗೆ ಪಡೆದು ಅವರ ಮಾತನ್ನು ಅವರದೇ ನುಡಿಯಲ್ಲಿ ಧ್ವನಿಮುದ್ರಿಸಿಕೊಳ್ಳಿ. ಅವರು ವಯಸ್ಸಾದವರು, ಈ ಕೆಲಸಕ್ಕೆ ಹೊಸಬರು ಬರುತ್ತಿಲ್ಲ. ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಮೊದಲು ಮಾಡಬೇಕಾದ ಕೆಲಸ ಇದು.

ತೆರವಿನ ನೋಟಿಸ್ ಬಂದಾಗ

ಸರ್ಕಾರ ಒಂದು ಸ್ಮಶಾನವನ್ನು ಅಥವಾ ಅದರ ಭಾಗವನ್ನು ತೆರವು ಮಾಡಲು ನಿರ್ಧರಿಸಿದಾಗ ಪತ್ರಿಕೆಗಳಲ್ಲಿ ಪ್ರಕಟಣೆ ಕೊಟ್ಟು, ಗೋರಿಗಳ ಪಟ್ಟಿ ಹೊರಡಿಸಿ, ವಾರಸುದಾರರು ನಿಗದಿತ ದಿನದೊಳಗೆ ಹೆಸರು ನೋಂದಾಯಿಸಬೇಕೆಂದು ಕೇಳುತ್ತದೆ. ಟೆಂಗಾ ವಾಯುನೆಲೆಯ ವಿಸ್ತರಣೆಗಾಗಿ 2017ರಲ್ಲಿ ಚೊವಾ ಚು ಕಾಂಗ್‌ನ ಸುಮಾರು 80,000 ಚೀನೀ ಮತ್ತು ಮುಸ್ಲಿಂ ಗೋರಿಗಳ ತೆರವು ಪ್ರಕಟವಾದಾಗಲೂ ನಡೆದದ್ದು ಇದೇ ಕ್ರಮ. ನೋಂದಾಯಿಸುವಾಗ ಗೋರಿಯ ಸಂಖ್ಯೆ, ತೀರಿಕೊಂಡವರ ಹೆಸರು, ಅವರೊಂದಿಗಿನ ನಿಮ್ಮ ಸಂಬಂಧ ಕೈಯಲ್ಲಿರಬೇಕು. ಮೊದಲೇ ದಾಖಲೆ ಮಾಡಿಟ್ಟವರಿಗೆ ಇದು ಒಂದು ಗಂಟೆಯ ಕೆಲಸ. ಉಳಿದವರು ಗಡುವಿನೊಂದಿಗೆ ಓಡಬೇಕಾಗುತ್ತದೆ. ಸ್ವಂತವಾಗಿ ಗೋರಿ ತೆರೆಸಲು ಹೊರಟವರು ರಾಷ್ಟ್ರೀಯ ಪರಿಸರ ಸಂಸ್ಥೆಯ ಅನುಮತಿ ಪಡೆಯಲೇಬೇಕು.

ನೋಂದಣಿಯ ಜೊತೆಗೇ ಮೂರು ವಿಷಯಗಳನ್ನು ಕುಟುಂಬದೊಳಗೆ ತೀರ್ಮಾನಿಸಿಕೊಳ್ಳಿ: ಅಸ್ಥಿ ಎಲ್ಲಿಗೆ ಹೋಗಬೇಕು, ಯಾವ ವಿಧಿಗಳು ಬೇಕು, ಗೋರಿಯ ಯಾವ ಭಾಗವನ್ನಾದರೂ ಉಳಿಸಿಕೊಳ್ಳುವ ಇಚ್ಛೆ ಇದೆಯೇ. ಕೊನೆಯದನ್ನು ಅಧಿಕಾರಿಗಳಿಗೂ ಗುತ್ತಿಗೆದಾರರಿಗೂ ಲಿಖಿತವಾಗಿ, ಬಹಳ ಮುಂಚೆಯೇ ಕೇಳಬೇಕು. ತೆರವಿನ ಬೆಳಿಗ್ಗೆ ಕೇಳಿದರೆ ಯಾರಿಗೂ ಪುರುಸೊತ್ತಿರುವುದಿಲ್ಲ, ಗೋರಿ ತೆರೆದ ಮೇಲೆ ಶಿಲೆಯನ್ನು ಒಡೆದು ಹಾಕುವುದೇ ವಾಡಿಕೆ.

ಚೀನೀ ಕುಟುಂಬಗಳು ಪಂಚಾಂಗ ನೋಡಿ ದಿನ ಆರಿಸುತ್ತವೆ. ಅಗೆಯುವ ಮುನ್ನ ಭೂದೇವತೆಗೂ ಪೂರ್ವಜರಿಗೂ ಊದುಬತ್ತಿ ಹಚ್ಚಿ, ಮನೆ ಬದಲಾಗುತ್ತಿದೆ ಎಂದು ತಿಳಿಸುತ್ತಾರೆ. ಕೆಲಸ ನಸುಕಿನಲ್ಲೇ ಆರಂಭವಾಗುತ್ತದೆ; ಅಸ್ಥಿಗೆ ಬಿಸಿಲು ತಾಗಬಾರದೆಂದು ಮೇಲೆ ಟಾರ್ಪಾಲು ಕಟ್ಟುತ್ತಾರೆ ಅಥವಾ ಕೊಡೆ ಹಿಡಿಯುತ್ತಾರೆ. ಪಂಚಾಂಗದ ಪ್ರಕಾರ ಆ ದಿನಕ್ಕೆ ಹೊಂದದ ವರ್ಷದಲ್ಲಿ ಹುಟ್ಟಿದವರು ಬೆನ್ನು ತಿರುಗಿಸಿ ನಿಲ್ಲುತ್ತಾರೆ. ಮೂಳೆಗಳನ್ನು ಒಂದೊಂದಾಗಿ ತೆಗೆದು, ಅಕ್ಕಿಯ ಮದ್ಯದಿಂದ ತೊಳೆದು, ದಹನಕ್ಕೆ ಕಳಿಸುತ್ತಾರೆ. ಬಹಳ ಹಳೆಯ ಗೋರಿಯಲ್ಲಿ ಏನೂ ಉಳಿದಿರುವುದಿಲ್ಲ. ಆಗ ಒಂದು ಹಿಡಿ ಮಣ್ಣನ್ನೇ ಅಸ್ಥಿಯೆಂದು ಭಾವಿಸಿ ಒಯ್ಯುತ್ತಾರೆ. ಮಕ್ಕಳು ಮೊಮ್ಮಕ್ಕಳಿಗೆ ಇದನ್ನು ಮುಂಚೆಯೇ ತಿಳಿಸಿಟ್ಟರೆ ಆ ಕ್ಷಣದ ಆಘಾತ ಕಡಿಮೆಯಾಗುತ್ತದೆ.

ಈ ಹೊತ್ತಿನಲ್ಲಿ ಕ್ಯಾಮೆರಾ ಹಿಡಿದವರ ಹೊಣೆ ಹೆಚ್ಚು. ಕುಟುಂಬ ಸ್ಪಷ್ಟವಾಗಿ ಒಪ್ಪದೆ ಅಸ್ಥಿಯ ಫೋಟೊ ತೆಗೆಯಲೇಬಾರದು, ತೆಗೆದರೂ ಅದು ಕುಟುಂಬದ್ದೇ ಹೊರತು ಬೇರೆಯವರಿಗೆ ತೋರಿಸುವಂಥದ್ದಲ್ಲ. ಒಳಗೆ ಸಿಗುವ ಹಸಿರುಕಲ್ಲಿನ ಬಳೆ, ನಾಣ್ಯ, ಅಂಗಿಯ ಗುಂಡಿಗಳನ್ನು ಏನು ಮಾಡಬೇಕೆಂಬುದೂ ಕುಟುಂಬದ ಮಾತು. ದಾಖಲಿಸುವವರು ಯಾವ ವಸ್ತು, ಎಲ್ಲಿ ಇತ್ತು ಎಂದು ಬರೆದುಕೊಂಡರೆ ಸಾಕು. ಬುಕಿತ್ ಬ್ರೌನ್‌ನ ರಸ್ತೆಯ ಭಾಗದ ಗೋರಿಗಳನ್ನು ಮಾನವಶಾಸ್ತ್ರಜ್ಞ ಹುಯಿ ಯೂ ಫೂಂಗ್ ನೇತೃತ್ವದ ತಂಡ ತೆರವಿಗೆ ಮುನ್ನ ದಾಖಲಿಸಿತು. ಸರ್ಕಾರವೇ ಒಪ್ಪಿ ನಡೆಸಿದ ಆ ಕೆಲಸಕ್ಕೂ ರಸ್ತೆಯ ವೇಳಾಪಟ್ಟಿಯೇ ಗಡುವಾಗಿತ್ತು. ಅಪಾಯದಲ್ಲಿರುವ ಪರಂಪರೆಯ ತಾಣಗಳನ್ನು ಹೆಸರಿಸುವ 2014ರ ವಿಶ್ವ ಸ್ಮಾರಕ ವೀಕ್ಷಣಾ ಪಟ್ಟಿಗೆ ಬುಕಿತ್ ಬ್ರೌನ್ ಸೇರಿದರೂ ರಸ್ತೆ ನಿಲ್ಲಲಿಲ್ಲ. ಹೌಗಾಂಗ್‌ನಲ್ಲಿ 1891ರಲ್ಲಿ ಆರಂಭವಾದ ಜಪಾನೀ ಸ್ಮಶಾನ 1987ರಲ್ಲಿ ಸ್ಮಾರಕ ಉದ್ಯಾನವಾಗಿ 900ಕ್ಕೂ ಹೆಚ್ಚು ಗೋರಿಗಳೊಂದಿಗೆ ಉಳಿದುಕೊಂಡಿದೆ, ಆದರೆ ಆ ಅದೃಷ್ಟ ಎಲ್ಲಕ್ಕೂ ಬರುತ್ತದೆಂದು ನಂಬಿ ಕೂರಲಾಗದು.

ಚಿತಾಭಸ್ಮಕ್ಕೆ ಹಲವು ದಾರಿಗಳಿವೆ. ಮಂಡಾಯಿ, ಚೊವಾ ಚು ಕಾಂಗ್, ಯಿಶುನ್‌ಗಳಲ್ಲಿ ಸರ್ಕಾರದ ಕೊಲಂಬೇರಿಯಂಗಳು, ಅಂದರೆ ಕಲಶ ಇರಿಸುವ ಗೂಡುಗಳ ಕಟ್ಟಡಗಳಿವೆ. ದೇವಾಲಯಗಳೂ ಸಮುದಾಯ ಸಂಘಗಳೂ ನಡೆಸುವಂಥವು ಬೇರೆ; ಸ್ಮಶಾನ ಹೋದ ಮೇಲೂ ಪೆಕ್ ಸಾನ್ ಥೆಂಗ್ ಬಿಶಾನ್‌ನಲ್ಲೇ ಅಂಥದ್ದೊಂದನ್ನು ನಡೆಸುತ್ತಿದೆ. ಪುಲಾವ್ ಸೆಮಕಾವ್ ದ್ವೀಪದ ದಕ್ಷಿಣಕ್ಕೆ ಸುಮಾರು 2.8 ಕಿಲೋಮೀಟರ್ ದೂರದ ಸಮುದ್ರದಲ್ಲಿ ಭಸ್ಮ ವಿಸರ್ಜಿಸಲು ಗೊತ್ತುಪಡಿಸಿದ ಜಾಗವಿದೆ. 2021ರಿಂದ ಚೊವಾ ಚು ಕಾಂಗ್‌ನ ಶಾಂತಿವನದಲ್ಲಿ ನೆಲದ ಮೇಲೂ ಭಸ್ಮ ಚೆಲ್ಲಬಹುದು, ಆದರೆ ಅಲ್ಲಿ ಹೆಸರಿನ ಗುರುತು ಇರುವುದಿಲ್ಲ. ಯಾರೂ ಕೇಳಿಕೊಂಡು ಬಾರದ ಅಸ್ಥಿಯ ಭಸ್ಮವನ್ನು ಕೆಲಕಾಲ ಇಟ್ಟುಕೊಂಡು ಸಮುದ್ರಕ್ಕೆ ಬಿಡುತ್ತಾರೆ. ಗೂಡು ಸಿಕ್ಕಿತೆಂದು ಅದನ್ನು ಕೊನೆಯ ನೆಲೆ ಎಂದು ಎಣಿಸಬೇಡಿ. ಮೌಂಟ್ ವೆರ್ನನ್‌ನ ಕೊಲಂಬೇರಿಯಂ ಕೂಡ ಬಡಾವಣೆಗಾಗಿ ತೆರವಾಗಿ ಅಲ್ಲಿನ ಕಲಶಗಳು ಇನ್ನೊಮ್ಮೆ ಸ್ಥಳ ಬದಲಿಸಿದವು.

ದಾಖಲೆಯನ್ನು ಇಡುವುದು

ಫೋಟೊಗಳ ಕಡತದ ಹೆಸರಿನಲ್ಲೇ ಸ್ಮಶಾನ, ಬ್ಲಾಕ್, ಗೋರಿಯ ಸಂಖ್ಯೆ, ದಿನಾಂಕ ಇರಲಿ. ಅಕ್ಷರಗಳ ಪಾಠವನ್ನು ಚೀನೀ ಲಿಪಿಯಲ್ಲೂ ಉಚ್ಚಾರದಲ್ಲೂ ಒಂದು ಸರಳ ಕೋಷ್ಟಕಕ್ಕೆ ಇಳಿಸಿ, ಸಂದೇಹವಿರುವ ಅಕ್ಷರಕ್ಕೆ ಗುರುತು ಹಾಕಿ. ಮೂರು ಪ್ರತಿ ಮಾಡಿ: ಒಂದು ಮನೆಯಲ್ಲಿ, ಒಂದು ಬೇರೆ ಮನೆಯ ಡಿಸ್ಕಿನಲ್ಲಿ, ಒಂದು ಅಂತರ್ಜಾಲದ ಸಂಗ್ರಹದಲ್ಲಿ. ಶಿಲೆಯ ಮೇಲಿನ ಮಕ್ಕಳ ಹೆಸರುಗಳಲ್ಲಿ ಬದುಕಿರುವವರದೂ ಇರಬಹುದಾದ್ದರಿಂದ ಸಾರ್ವಜನಿಕವಾಗಿ ಹಾಕುವ ಪ್ರತಿಯಲ್ಲಿ ಅವನ್ನು ಕುಟುಂಬದ ಒಪ್ಪಿಗೆಯಿಲ್ಲದೆ ಸೇರಿಸಬೇಡಿ. ಮೂಲ ಊರು ಗೊತ್ತಾಗಿದ್ದರೆ ಆ ಸಮುದಾಯದ ಸಂಘಕ್ಕೂ ಒಂದು ಪ್ರತಿ ಕೊಡಿ. ಅವರ ಹಳೆಯ ಸದಸ್ಯಪಟ್ಟಿ ಮತ್ತು ನಿಮ್ಮ ಶಿಲಾಪಾಠ ಒಂದೆಡೆ ಸೇರಿದಾಗ ಎರಡರಲ್ಲೂ ಇದ್ದ ಅಂತರಗಳು ತುಂಬಿಕೊಳ್ಳುತ್ತವೆ.

ತೆರವು ನಡೆದುಹೋದ ಗೋರಿಯ ದಾಖಲೆಗೆ ಇನ್ನೂ ಒಂದು ಸಾಲು ಸೇರಬೇಕು: ತೆರೆದ ದಿನಾಂಕ, ದಹನ ನಡೆದ ಜಾಗ, ಗೂಡಿನ ಬ್ಲಾಕ್ ಮತ್ತು ಸಂಖ್ಯೆ, ಸಮುದ್ರಕ್ಕೆ ಬಿಟ್ಟಿದ್ದರೆ ಆ ದಿನ. ಹಳೆಯ ಗೋರಿಯ ಸಂಖ್ಯೆಯನ್ನು ಅಳಿಸದೆ ಅದರ ಕೆಳಗೆ ಇದನ್ನು ಬರೆದರೆ, ರಿಜಿಸ್ಟರಿನಲ್ಲಿ ಹೆಸರು ಕಂಡು ಗುಡ್ಡಕ್ಕೆ ಬಂದು ಅಲ್ಲಿ ರಸ್ತೆ ಕಂಡವರು ಮುಂದೆ ಎಲ್ಲಿಗೆ ಹೋಗಬೇಕೆಂದು ಅದೇ ಪುಟದಲ್ಲಿ ತಿಳಿದುಕೊಳ್ಳುತ್ತಾರೆ.